ಗಂಗುಲಮ್ಮನ ಹೆಸರು

ನಮ್ಮ ಯಜಮಾನರು ಪುಟ್ಟಸ್ವಾಮಯ್ಯನವರಿಗೆ ಮೇಷ್ಟ್ರಗಿರಿ ಸಾಲದೆ, ಮೂವತ್ತೆರಡು ವರ್ಷದ ಹಿಂದೆ ಶಿಡ್ಲಘಟ್ಟದಲ್ಲಿ ‘ಕೆರೆಕೋಡಿ’ ಎಂಬ ವಾರಪತ್ರಿಕೆ ಶುರು ಮಾಡಿದರು. ನಾಲ್ಕೇ ಪುಟ, ಶುಕ್ರವಾರಕ್ಕೊಮ್ಮೆ. ಬರೆಯುವುದಷ್ಟೇ ಅವರ ಕೆಲಸ. ಟೈಪ್ ಮಾಡಿ, ಪುಟ ಕಟ್ಟಿ, ಮಡಚಿ, ವಿಳಾಸ ಅಂಟಿಸಿ ಸಾಯುವವಳು ಅವರ ಹೆಂಡತಿ, ಈ ಕನಕಲಕ್ಷ್ಮಿ.

ಅವರದೊಂದು ಹಟ. ಪ್ರತಿ ಸುದ್ದಿಯ ಕೆಳಗೂ ಅದನ್ನು ತಿಳಿಸಿದವರ ಹೆಸರು, ಊರು ಬರಲೇಬೇಕು. ತೊಂಡೇಬಾವಿಯಲ್ಲಿ ಹಸು ಅವಳಿ ಕರು ಹಾಕಿದರೂ ಸರಿ, ಚಿಂತಾಮಣಿ ಬಸ್ಸು ಕೆಟ್ಟು ನಿಂತರೂ ಸರಿ. ತಮ್ಮ ಹೆಸರು ನೋಡಲೆಂದೇ ಜನ ಪತ್ರಿಕೆ ಕೊಳ್ಳುತ್ತಿದ್ದರು.

ಕಳೆದ ವರ್ಷ ದಿಬ್ಬೂರಹಳ್ಳಿಯಿಂದ ರೇಷ್ಮೆ ಸಾಕುವ ಗಂಗುಲಮ್ಮ ಬಂದಳು. ಊರ ಪಕ್ಕದ ಕ್ವಾರಿಯಲ್ಲಿ ಪರವಾನಗಿ ಇಲ್ಲದೆ ಬಂಡೆ ಸಿಡಿಸುತ್ತಾರೆ, ಅಂಗನವಾಡಿ ಗೋಡೆ ಬಿರುಕು ಬಿಟ್ಟಿದೆ, ಕೇಳಲು ಹೋದವನ ಕೈ ಮುರಿದಿದ್ದಾರೆ ಎಂದಳು.

“ನನ್ನ ಹೆಸ್ರು ಮಾತ್ರ ಹಾಕ್ಬೇಡಿ ಮೇಷ್ಟ್ರೇ. ಒಂಟಿ ಹೆಂಗ್ಸು.”

“ಹಾಕಲ್ಲ ಕಣಮ್ಮ, ಧೈರ್ಯವಾಗಿರು” ಎಂದರು ಇವರು. ಒಳಗಿದ್ದ ನಾನೂ ಕೇಳಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ಪತ್ರಿಕೆಯ ಕಟ್ಟುಗಳು ಬಸ್ಸು ಹತ್ತಿ ಹೋದ ಮೇಲೆ, ಉಳಿದ ಪ್ರತಿಗಳನ್ನು ಮಡಚುತ್ತಾ ಆ ಸುದ್ದಿಯ ಕೆಳಗೆ ನೋಡಿದೆ. ‘ತಿಳಿಸಿದವರು: ಗಂಗುಲಮ್ಮ, ದಿಬ್ಬೂರಹಳ್ಳಿ.’ ಇವರ ನೋಟ್‌ಬುಕ್ಕಿನಲ್ಲಿದ್ದ ಹೆಸರನ್ನು ನನ್ನ ಹಾಳು ಬೆರಳುಗಳು ರೂಢಿಯಂತೆ ಹೊಡೆದುಬಿಟ್ಟಿದ್ದವು!

“ಅಯ್ಯೋ, ಎಂಥಾ ಕೆಲ್ಸ ಮಾಡ್ಬಿಟ್ಟೆ ಕಣ್ರೀ!”

ಬೈದಿದ್ದರೂ ಚೆನ್ನಾಗಿತ್ತು. ಇವರು ಚಪ್ಪಲಿ ಮೆಟ್ಟಿದರು. ಆ ಊರಿಗೆ ಹೋದ ಪ್ರತಿಗಳನ್ನು ವಾಪಸ್ ತರಲು ಆಟೊ ಹಿಡಿದು ಹೋದೆವು. ದಿಬ್ಬೂರಹಳ್ಳಿಯ ಟೀ ಅಂಗಡಿ ಚಲಪತಿಗೆ ಹತ್ತು ಪ್ರತಿ ಹೋಗುತ್ತಿತ್ತು. ಒಂಬತ್ತು ವಾಪಸ್ ಸಿಕ್ಕಿತು.

“ಇನ್ನೊಂದು ಯಾರಪ್ಪಾ ತಗೊಂಡ್ರು?”

“ಕ್ವಾರಿಗೆ ಹೊಸ ಮೇಸ್ತ್ರಿ ಬಂದವ್ನಲ್ಲಮ್ಮ, ಅವ್ನು. ಗಂಗುಲಮ್ಮನ ಮನೆ ಯಾವ್ದು ಅಂತ ಕೇಳ್ದ, ತೋರಿಸ್ದೆ. ಮೊದ್ಲು ಕ್ವಾರಿ ಕಡೆ ಹೋದ. ಯಾಕಮ್ಮಾ?”

ಅವಳ ಮನೆಗೆ ಓಡಿದೆವು. ಒಬ್ಬಳೇ ಇದ್ದಳು. ವಿಷಯ ಹೇಳಿ, “ನಡಿ ತಾಯಿ, ನಮ್ಮನೇಗೆ ಹೋಗಣ” ಎಂದೆ. ಅವಳು ಹುಳದ ತಟ್ಟೆಗಳತ್ತ ಕೈ ತೋರಿಸಿದಳು.

“ಹುಳ ಹಣ್ಣಾಗವೆ ಅಮ್ಮಾ. ಈಗ್ಲೇ ಗೂಡು ಕಟ್ಟಕ್ಕೆ ಬಿಡ್ಲಿಲ್ಲ ಅಂದ್ರೆ ಒಂದು ತಿಂಗಳ ಪಾಡು ಮಣ್ಣಾಗ್ತದೆ. ಬಿಟ್ಟು ಎಲ್ಲಿಗ್ ಬರ್ಲಿ?”

ಮೂವರೂ ಕೂತು ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡತೊಡಗಿದೆವು. ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು. ಹೊಸಿಲಲ್ಲಿ ನಿಂತವನ ಕೈಯಲ್ಲಿ ನಮ್ಮ ಪತ್ರಿಕೆ.

“ಇಲ್ಲಿ ಗಂಗುಲಮ್ಮ ಯಾವಳು?”

ಅವಳು ಏಳಲು ಹೋದಳು. ಭುಜ ಅದುಮಿ ಕೂರಿಸಿ ನಾನೇ ಎದ್ದೆ.

“ನಾನೇ ಕಣೋ. ಏನಾಗ್ಬೇಕು ನಿಂಗೆ?”

ಇವರು ಬಂದು ನನ್ನ ಪಕ್ಕ ನಿಂತರು. ಅವನು ಮೊಬೈಲ್ ತೆಗೆದು ನನ್ನ ಫೋಟೊ ಹಿಡಿದ. “ಈ ಮುಖ ಮರೆಯಲ್ಲ” ಎಂದು ಹೇಳಿ ಹೊರಟುಹೋದ.

ಗೂಡು ಮಾರಿದ ದಿನವೇ ಗಂಗುಲಮ್ಮ ತಂಗಿಯ ಊರು ಸೇರಿಕೊಂಡಳು. ನಿಜವಾದ ಗಂಗುಲಮ್ಮ ಯಾರೆಂದು ಆ ಮೇಸ್ತ್ರಿಗೆ ಇವತ್ತಿಗೂ ತಿಳಿಯದು; ಅವನ ಮೊಬೈಲಿನಲ್ಲಿರುವುದು ನನ್ನ ಮುಖ. ನಮ್ಮ ಬೀದಿಯಲ್ಲಿ ಬೈಕ್ ನಿಂತರೆ ಮಾತ್ರ ನಾನು ಇವರನ್ನು ಒಳಗೆ ಕಳಿಸಿ, ಚಿಲಕ ಹಿಡಿದು ನಿಲ್ಲುತ್ತೇನೆ.