ಧ್ಯೇಯವಾಕ್ಯದಿಂದ ಬಿದ್ದುಹೋದ ತಾಲ್ಲೂಕು

ಒಂದು ವಾಕ್ಯವನ್ನು ಚಿಕ್ಕದು ಮಾಡಿದ್ದಕ್ಕೆ ನನಗೆ ಚಪ್ಪಾಳೆ ಸಿಕ್ಕಿತ್ತು. ಆ ಚಪ್ಪಾಳೆ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹೊಡೆದವರು ಹನ್ನೊಂದು ಜನ, ಎಲ್ಲರೂ ಓದಿದವರು, ಒಳ್ಳೆಯವರೇ. ಹೊಡೆಸಿಕೊಂಡ ಮುಠ್ಠಾಳ ನಾನು.

ಆಗ ನಾನು ಹೆಗ್ಗಡದೇವನಕೋಟೆಯಲ್ಲಿದ್ದೆ. ಊರು ಕೆ.ಆರ್. ನಗರದ ಕಡೆಯ ಮಿರ್ಲೆ. ಎಂ.ಎ. ಮುಗಿಸಿ ಎರಡು ವರ್ಷ ಗದ್ದೆ ಬದುವಿನ ಮೇಲೆ ಕೂತು ಅರ್ಜಿ ಹಾಕಿದ ಮೇಲೆ ಸಿಕ್ಕಿದ ಹಂಗಾಮಿ ಕೆಲಸ ಅದು. ಒಂದು ಸರ್ಕಾರಿ ವಿಶ್ವವಿದ್ಯಾಲಯ ತೊಂಬತ್ತರ ದಶಕದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಈ ನಾಲ್ಕೂ ಕಡೆ ಕಲಿಕಾ ಕೇಂದ್ರ ತೆರೆದಿತ್ತು. ಕಾಲೇಜಿಗೆ ಹೋಗಲಾಗದವರು ಭಾನುವಾರ ಬಂದು ಪಾಠ ಕೇಳಿ, ಅಲ್ಲೇ ಪರೀಕ್ಷೆ ಬರೆದು ಬಿ.ಎ. ಮಾಡಬಹುದಿತ್ತು. ಕೋಟೆಯ ಕೇಂದ್ರ ಎಂದರೆ ಹೈಸ್ಕೂಲಿನಲ್ಲಿ ಬಿಟ್ಟುಕೊಟ್ಟ ಎರಡು ಕೊಠಡಿ, ಒಂದು ಬೀರು, ಮತ್ತೆ ನಾನು. ಬಸ್ ಕಂಡಕ್ಟರು, ಹತ್ತಿ ಬೆಳೆಯುವವರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು ಬರುತ್ತಿದ್ದರು. ಡೆಸ್ಕುಗಳು ಮಕ್ಕಳ ಅಳತೆಯವು. ದೊಡ್ಡವರು ಮೊಣಕಾಲು ತುರುಕಿಕೊಂಡು ಕೂರುತ್ತಿದ್ದರು.

ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ಪಿಯುಸಿ ಮುಗಿಯುತ್ತಲೇ ಅವಳನ್ನು ಎನ್. ಬೇಗೂರಿಗೆ ಕೊಟ್ಟಿದ್ದರು. ಕಾಡಿನ ಅಂಚಿನ ಊರು, ಆಚೆಗೆ ಕೇರಳ. ಅಲ್ಲಿ ಅವಳು ಅಂಗನವಾಡಿ ಕಾರ್ಯಕರ್ತೆ. ಡಿಗ್ರಿ ಆದರೆ ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಗೆ ಕೂರಬಹುದು ಎಂದು ಇಲಾಖೆಯವರು ಹೇಳಿದ್ದರು. ಅದಕ್ಕೂ ವಯಸ್ಸಿನ ಮಿತಿ ಇತ್ತು. ಅವಳ ಲೆಕ್ಕದಲ್ಲಿ ಇನ್ನು ಎರಡೇ ವರ್ಷ. ಬಿ.ಎ.ಯ ಎರಡನೇ ವರ್ಷ ಮುಗಿಯುತ್ತಿತ್ತು, ಉಳಿದಿದ್ದದ್ದು ಕೊನೆಯ ಒಂದು ವರ್ಷ. ಹಾಗಾಗಿ ಭಾನುವಾರ ಒತ್ತಾರೆ ಎದ್ದು, ಅತ್ತೆಮನೆಯವರಿಗೆ ಅಡುಗೆ ಮಾಡಿಟ್ಟು, ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ದಾರಿಯಲ್ಲಿ ಆನೆ ನಿಂತಿದ್ದರೆ ಬಸ್ಸೂ ನಿಲ್ಲುತ್ತಿತ್ತು. ಅಂಥ ದಿನ ತಡವಾಗಿ ಬಂದು ಬಾಗಿಲಲ್ಲಿ ನಿಂತು, ತಮ್ಮನಾದ ನನ್ನನ್ನೇ "ಒಳಕ್ಕೆ ಬರಬೋದಾ ಸಾರ್?" ಎಂದು ಕೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಅಷ್ಟರಲ್ಲಿ ವಿಶ್ವವಿದ್ಯಾಲಯಕ್ಕೆ ದೆಹಲಿ ಕಡೆಯಿಂದ ಮೌಲ್ಯಮಾಪನ ತಂಡ ಬರುವುದು ಗೊತ್ತಾಯಿತು. ಅವರು ಮೊದಲು ಕೇಳುವುದೇ ಧ್ಯೇಯವಾಕ್ಯವನ್ನಂತೆ. ಹುಡುಕಿದಾಗ ನಮ್ಮದು ಯಾವುದೋ ಹಳೆಯ ಕೈಪಿಡಿಯ ಎರಡನೇ ಪುಟದಲ್ಲಿ ಸಿಕ್ಕಿತು. ತಾಲ್ಲೂಕು ತಾಲ್ಲೂಕಿಗೂ ಹೋಗಿ, ಓದು ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳಿಗೆ, ಬೇಸಾಯಗಾರರಿಗೆ, ಕೂಲಿಯವರಿಗೆ ಅವರಿದ್ದಲ್ಲೇ ಪದವಿ ಶಿಕ್ಷಣ ಕೊಡುವುದು ನಮ್ಮ ಕೆಲಸ ಎಂದು ಅದರಲ್ಲಿತ್ತು. ಇದು ತೀರಾ ಉದ್ದ, ತೀರಾ ಹಳತು, ಪರಿಷ್ಕರಿಸಬೇಕು ಎಂದು ಸಮಿತಿಯಾಯಿತು. ಕನ್ನಡ ಚೆನ್ನಾಗಿ ಬರೆಯುತ್ತಾನೆಂದು ಯಾರೋ ನನ್ನ ಹೆಸರು ಹೇಳಿದ್ದರು. ಹಂಗಾಮಿಯವನಿಗೆ ಮುಖ್ಯ ಕಚೇರಿಯಿಂದ ಕರೆ ಬಂದರೆ ನೆಲದ ಮೇಲೆ ಕಾಲು ನಿಲ್ಲುತ್ತದೆಯೇ? ಹೊಸ ಷರಟು ಹೊಲಿಸಿಕೊಂಡು ಮೈಸೂರಿನ ಬಸ್ಸು ಹತ್ತಿದೆ.

ಮೂರು ದಿನ ಕಾರ್ಯಾಗಾರ. ಗೋಡೆಗೆಲ್ಲ ದೊಡ್ಡ ಹಾಳೆ ಅಂಟಿಸಿ, ಇಷ್ಟವಾದ ಪದಗಳನ್ನು ಚೀಟಿಯಲ್ಲಿ ಬರೆದು ಅಂಟಿಸಿ ಎಂದರು. ಉತ್ಕೃಷ್ಟತೆ, ಜಾಗತಿಕ, ನಾವೀನ್ಯ, ಮೌಲ್ಯ. ಎರಡನೇ ದಿನದ ಹೊತ್ತಿಗೆ ಗೋಡೆ ತುಂಬಿತು. ಪಾಠ ಎಂಬ ಪದವನ್ನು ಯಾರೂ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಅಧ್ಯಕ್ಷರು ನಿವೃತ್ತಿಗೆ ಹತ್ತಿರವಿದ್ದ ಪ್ರಾಧ್ಯಾಪಕರು, ಮೆದು ಮಾತಿನವರು. ಅವರಿಗಿದ್ದ ತೊಂದರೆ ಒಂದೇ: ಹೊಸ ವಾಕ್ಯ ಪ್ರತಿ ವಿಭಾಗದ ಬಾಗಿಲ ಮೇಲಿನ ಬೋರ್ಡಿನಲ್ಲಿ ಹಿಡಿಸಬೇಕು.

"ಈ ತಾಲ್ಲೂಕು, ಹೆಣ್ಣುಮಕ್ಕಳು, ಬೇಸಾಯಗಾರರು... ಇಷ್ಟೂ ಬೋರ್ಡಲ್ಲಿ ಕೂರಲ್ಲ ಕಣ್ರೀ. ಅರ್ಥ ಕೆಡದ ಹಾಗೆ ಚಿಕ್ಕದು ಮಾಡೋಕಾಗುತ್ತಾ?" ಎಂದು ನನ್ನ ಕಡೆ ನೋಡಿದರು.

ನಾನು ಎದ್ದು ನಿಂತು, ಅದೆಲ್ಲದರ ಬದಲಿಗೆ "ಸಮಾಜದ ಎಲ್ಲರನ್ನೂ ಒಳಗೊಂಡು" ಎಂದರೆ ಸಾಕಲ್ಲವೇ ಸಾರ್ ಎಂದೆ. ಎಲ್ಲರೂ ಎಂದ ಮೇಲೆ ಕೋಟೆಯವರೂ ಬಂದರು, ಬೇಗೂರಿನವರೂ ಬಂದರು ಎಂದು ನಿಜವಾಗಿಯೂ ಅಂದುಕೊಂಡಿದ್ದೆ. ಆಗಲೇ ಆ ಚಪ್ಪಾಳೆ ಬಿದ್ದದ್ದು. ಮಧ್ಯಾಹ್ನದ ಊಟಕ್ಕೆ ಅಧ್ಯಕ್ಷರು ತಮ್ಮ ಪಕ್ಕದಲ್ಲೇ ನನ್ನನ್ನು ಕೂರಿಸಿಕೊಂಡರು.

ಕರಡು ಸಿದ್ಧವಾದ ಮೇಲೆ ಅದನ್ನು ಎಲ್ಲ ಕೇಂದ್ರಗಳಿಗೆ ಕಳಿಸಿ, ವಿದ್ಯಾರ್ಥಿಗಳ ಅಭಿಪ್ರಾಯ ತರಿಸಿಕೊಂಡು, ಅದರ ಮೇಲೆ ಸಿಂಡಿಕೇಟ್ ಒಪ್ಪಿಗೆ ಪಡೆಯುವುದು ಕ್ರಮ. ಕೋಟೆಗೂ ಒಂದು ಕಟ್ಟು ನಮೂನೆ ಬಂತು. ಮೇಲೆ ಹಳೆಯ ವಾಕ್ಯ, ಕೆಳಗೆ ಹೊಸದು, ಅದರ ಕೆಳಗೆ ಬರೆಯಲು ನಾಲ್ಕು ಗೆರೆ ಜಾಗ.

ಇಲ್ಲೇ ನಾನು ಮಾಡಿದ್ದನ್ನು ಹೇಳಬೇಕು. ನಮ್ಮ ಕಡೆ ದೊಡ್ಡವರು ಬಂದು ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುವುದು ಮರ್ಯಾದೆ. ಮದುವೆಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಯಜಮಾನರು ಬಂದು ವಿಚಾರಿಸಿದಾಗ ಯಾರೂ ಬಾಯಿ ಬಿಡುವುದಿಲ್ಲ. ಶಾಲೆಗೆ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ನಮಗೆಲ್ಲ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು. ನಾನೂ ಅದನ್ನೇ ಮಾಡಿದೆ. ನಮ್ಮ ಕೇಂದ್ರದಿಂದ ಒಳ್ಳೆಯ ಮಾತು ಹೋದರೆ ನಮಗೆ ಒಳ್ಳೆಯ ಹೆಸರು, ಒಳ್ಳೆಯ ಹೆಸರಿದ್ದರೆ ಕೇಂದ್ರ ಗಟ್ಟಿ, ಕೇಂದ್ರ ಗಟ್ಟಿಯಿದ್ದರೆ ನನ್ನ ಕೆಲಸವೂ ಗಟ್ಟಿ ಎಂದು ಲೆಕ್ಕ ಹಾಕಿ, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ಪರಿಷ್ಕೃತ ಧ್ಯೇಯವಾಕ್ಯವು ಅತ್ಯಂತ ಸಮರ್ಪಕವಾಗಿದೆ. ನಮ್ಮ ಸಂಪೂರ್ಣ ಸಹಮತವಿದೆ." ಎಲ್ಲರೂ ತಲೆ ತಗ್ಗಿಸಿ ನಕಲು ಮಾಡಿದರು. ಕಂಡಕ್ಟರೊಬ್ಬರು ಎದ್ದು, "ಸಾ, ಕೆಳಗಡೆ ಇಂತಿ ತಮ್ಮ ವಿಧೇಯ ಅಂತ ಹಾಕವಾ?" ಎಂದು ಕೇಳಿದರು. ಹಾಕಿ ಎಂದೆ.

ನಮೂನೆಗಳನ್ನು ಒಟ್ಟು ಮಾಡುವಾಗ ಒಂದರಲ್ಲಿ ಮಾತ್ರ ಬೇರೆ ಏನೋ ಇತ್ತು. ಅದು ಅಕ್ಕನದು. ನಾಲ್ಕು ಗೆರೆ ಸಾಲದೆ ಅಂಚಿನಲ್ಲೂ ಬರೆದಿದ್ದಳು. ಹೊಸ ವಾಕ್ಯದಲ್ಲಿ ತಾಲ್ಲೂಕು ಎಂಬ ಮಾತೇ ಇಲ್ಲ, ಅವರಿದ್ದಲ್ಲೇ ಎಂಬ ಮಾತೂ ಇಲ್ಲ, ಇದನ್ನು ನೋಡಿದರೆ ಭಯವಾಗುತ್ತದೆ, ನಾನು ಬೇಗೂರಿನಿಂದ ಬರುವವಳು, ಈ ಕೇಂದ್ರ ಇಲ್ಲದಿದ್ದರೆ ನನ್ನ ಓದು ನಿಂತುಹೋಗುತ್ತದೆ, ದಯವಿಟ್ಟು ಆ ಮಾತುಗಳನ್ನು ತೆಗೆಯಬೇಡಿ ಎಂದಿತ್ತು.

ನನಗೆ ಎಲ್ಲಿಲ್ಲದ ಕೋಪ ಬಂತು. ಬರೆದದ್ದು ನನ್ನ ವಾಕ್ಯದ ವಿರುದ್ಧವಲ್ಲವೇ! ಉಳಿದವರೆಲ್ಲ ಹೋದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ.

"ಏನಕ್ಕಾ ಇದು, ತಾಲ್ಲೂಕಾಫೀಸಿಗೆ ಅರ್ಜಿ ಕೊಟ್ಟಂಗೆ ಬರ್ದಿದ್ದೀಯ? ನನ್ ಮರ್ವಾದೆ ಏನಾಗಬೇಕು?"

"ಅಲ್ಲ ಕಣೋ, ಮೊದಲು ನಮ್ಮುನ್ನ ಎಸ್ರಿಡಿದು ಕರ್ದಂಗಿತ್ತು. ಈಗ ಎಲ್ಲಾರೂ ಅಂತವ್ರೆ. ಎಲ್ಲಾರೂ ಬನ್ರಿ ಅಂದ್ರೆ ಯಾರುನ್ನೂ ಕರ್ದಂಗಾಗಕಿಲ್ಲ."

"ನಿಂಗೆ ಗೊತ್ತಾಗಲ್ಲ ಬುಡು. ಅಲ್ಲಿ ಕೂತು ಬರ್ದಿರೋನು ನಾನು."

ಅವಳು ಚೀಲದಿಂದ ಮತ್ತೆ ಪೆನ್ನು ತೆಗೆದಳು. ಅಂಗನವಾಡಿಯಲ್ಲೂ ಮೇಲಿನವರು ಬಂದಾಗ ಎಲ್ಲ ಸರಿಯಾಗಿದೆ ಎಂದು ಪುಸ್ತಕದಲ್ಲಿ ಬರೆದು ರೂಢಿಯಿತ್ತಲ್ಲ. ನಾನು ಅವಳ ಹಾಳೆಯನ್ನು ಹರಿದು ಹಾಕಿ ಬೇರೆ ಕೊಟ್ಟೆ. ಬೋರ್ಡು ನೋಡಿಕೊಂಡು ಬರೆದು, ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಧ್ಯೇಯವಾಕ್ಯ ಒಪ್ಪಿಗೆಯಾಯಿತು. ದೆಹಲಿಯವರು ಬಂದು ಹೋದರು. ಮುಂದಿನ ವರ್ಷದ ಕೇಂದ್ರಗಳ ನವೀಕರಣದ ಕಡತ ಮೇಲೆ ಹೋದಾಗ ನಮೂನೆಯಲ್ಲಿ ಹೊಸದೊಂದು ಕಾಲಂ ಬಂದಿತ್ತು: ಈ ಚಟುವಟಿಕೆಯು ಧ್ಯೇಯವಾಕ್ಯದ ಯಾವ ಅಂಶಕ್ಕೆ ಸಂಬಂಧಿಸಿದೆ? ಮೊದಲಾಗಿದ್ದರೆ ತಾಲ್ಲೂಕು ಎಂದು ಬೆರಳಿಟ್ಟು ತೋರಿಸಬಹುದಿತ್ತು. ನಾನು ಸಮಾಜದ ಎಲ್ಲರನ್ನೂ ಎಂದು ಬರೆದೆ. ಎಲ್ಲರೂ ಮೈಸೂರಿನ ಮುಖ್ಯ ಕೇಂದ್ರಕ್ಕೇ ಬರಬಹುದು, ಅಲ್ಲಿ ಸೌಲಭ್ಯ ಉತ್ತಮವಾಗಿದೆ, ತಾಲ್ಲೂಕು ಕೇಂದ್ರಗಳ ಅಗತ್ಯ ಕಂಡುಬರುವುದಿಲ್ಲ ಎಂದು ಷರಾ ಬರೆದು ಕಡತ ವಾಪಸು ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಾಲ್ಕೂ ಒಂದೇ ಆದೇಶದಲ್ಲಿ ಮುಚ್ಚಿದವು.

ಆಮೇಲೆ ನಾನು ಹುಚ್ಚನಂತೆ ಅಲೆದೆ. ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋದೆ. ಹೊಸ ಅಭಿಪ್ರಾಯ ಕೊಡುತ್ತೇವೆ ಸಾರ್, ತೆಗೆದುಕೊಳ್ಳಿ ಎಂದರೆ ಕೊನೆಯ ದಿನ ಮುಗಿದಿದೆ ಎಂದರು. ಎಲ್ಲ ವಿದ್ಯಾರ್ಥಿಗಳಿಂದ ಮನವಿಗೆ ಸಹಿ ಹಾಕಿಸಿ ತಂದುಕೊಟ್ಟರೆ, ಇವರೇ ಸಂಪೂರ್ಣ ಸಹಮತ ಎಂದು ಬರೆದುಕೊಟ್ಟಿದ್ದಾರಲ್ಲ ಎಂದು ಹಳೆಯ ಕಟ್ಟನ್ನು ಬಿಚ್ಚಿ ತೋರಿಸಿದರು. ಎಲ್ಲ ಹಾಳೆಯ ಮೇಲೂ ನನ್ನದೇ ಎರಡು ವಾಕ್ಯ. ಕೊನೆಗೆ ಅಧ್ಯಕ್ಷರಾಗಿದ್ದ ಪ್ರಾಧ್ಯಾಪಕರ ಮನೆಗೇ ಹೋದೆ. ಅವರು ಕಾಫಿ ಕೊಡಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನನಗೂ ಆ ತಾಲ್ಲೂಕು ಅನ್ನೋ ಪದ ಬಿಡೋಕೆ ಮನಸ್ಸಿರಲಿಲ್ಲ ಕಣ್ರೀ. ಆದ್ರೆ ನೀವೇ ಅಲ್ಲಿಯವರು, ನೀವೇ ಸಾಕು ಅಂದ್ರಿ. ಆದ್ರೂ ಇರಲಿ, ಮಕ್ಕಳು ಏನ್ ಹೇಳ್ತಾರೋ ನೋಡೋಣ ಅಂತ ಕೋಟೆ ಕಟ್ಟನ್ನ ನಾನೇ ಕೂತು ಒಂದೊಂದಾಗಿ ಓದ್ದೆ. ಒಬ್ಬರು, ಒಬ್ಬರೇ ಒಬ್ಬರು ಬೇಡ ಅಂತ ಬರ್ದಿದ್ರೂ ಸಿಂಡಿಕೇಟ್ ಮುಂದೆ ಇಟ್ಟು ಮಾತಾಡ್ತಿದ್ದೆ" ಎಂದರು.

ಕಾಫಿ ಲೋಟ ಕೈಯಲ್ಲಿ ಹಾಗೇ ಇತ್ತು. ಒಬ್ಬಳು ಬರೆದಿದ್ದಳು ಸಾರ್, ನಾನೇ ಹರಿದು ಹಾಕಿದೆ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಹೇಳಿದ್ದರೆ, ಕೇಂದ್ರದ ಕಡತಗಳನ್ನು ಒಪ್ಪಿಸುವವರೆಗೆಂದು ಉಳಿದಿದ್ದ ಹಂಗಾಮಿ ಕೆಲಸಕ್ಕೂ ಕುತ್ತು ಬರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆವತ್ತು ನನಗೆ ಹೊಳೆದದ್ದು ಅಷ್ಟೇ.

ಅಕ್ಕ ಮೈಸೂರಿಗೂ ಹೋಗಿ ನೋಡಿದಳು. ಎರಡು ಭಾನುವಾರ ಹೋದಳು. ಎರಡನೇ ಸಲ ವಾಪಸು ಬರುವಾಗ ಬೇಗೂರಿನ ಕಡೆಯ ಕೊನೆಯ ಬಸ್ಸು ತಪ್ಪಿ ಕೋಟೆಯಲ್ಲಿ ನನ್ನ ಕೋಣೆಯಲ್ಲೇ ಉಳಿದಳು. ಮರುದಿನ ಅವಳು ಊರು ಮುಟ್ಟುವ ಹೊತ್ತಿಗೆ ಅಂಗನವಾಡಿ ಬಾಗಿಲು ಹಾಕಿದ್ದನ್ನು ಮೇಲ್ವಿಚಾರಕಿಯವರೇ ಬಂದು ನೋಡಿ ಹೋಗಿದ್ದರು. ನೋಟಿಸು ಬಂತು. ಅತ್ತೆ ಮಾತು ಬಿಟ್ಟರು. ಭಾವ ಏನೂ ಅನ್ನಲಿಲ್ಲ, ಆದರೆ ಹೋಗು ಎಂದೂ ಅನ್ನಲಿಲ್ಲ. ನಾನು ಬೇಗೂರಿಗೆ ಹೋಗಿ, ಪರೀಕ್ಷೆಯನ್ನಾದರೂ ಬರಿ ಅಕ್ಕಾ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಗೋಗರೆದೆ. "ಕ್ಲಾಸ್‌ಗೆ ಓಗದೆಯ ಏನ್ ಬರಿಯಾದು, ಬುಡೋ" ಎಂದಳು. ಪುಸ್ತಕಗಳನ್ನು ಅವಳೇ ಅಚ್ಚುಕಟ್ಟಾಗಿ ಕಟ್ಟಿ ನನ್ನ ಕೈಗೆ ಕೊಟ್ಟು, ಯಾರಿಗಾದರೂ ಬೇಕಾದರೆ ಕೊಡು ಎಂದಳು. ಎರಡು ವರ್ಷ ಕಳೆಯಿತು. ವಯಸ್ಸಿನ ಮಿತಿಯೂ ದಾಟಿತು.

ನಾನು ಮಾತ್ರ ಉಳಿದುಕೊಂಡೆ. ಭಾಷೆ ಶುದ್ಧ ಎಂದು ಮುಖ್ಯ ಕಚೇರಿಗೇ ಕರೆಸಿಕೊಂಡು, ಆಮೇಲೆ ಕಾಯಂ ಕೂಡ ಮಾಡಿದರು. ಐದಾರು ವರ್ಷಕ್ಕೆ ಮತ್ತೆ ಮೌಲ್ಯಮಾಪನದ ಸುದ್ದಿ ಬಂತು, ಮತ್ತೆ ಸಮಿತಿಯಾಯಿತು. ಈ ಸಲ ಗ್ರಾಮೀಣ ಜನರಿಗೆ ವಿಶ್ವವಿದ್ಯಾಲಯ ಏನು ಮಾಡಿದೆ ಎಂದು ದೆಹಲಿಯವರು ಕೇಳುತ್ತಾರಂತೆ, ಹಳ್ಳಿ ಎಂಬ ಪದ ಎಲ್ಲಾದರೂ ಸೇರಿಸಲೇಬೇಕಂತೆ. ಅಭಿಪ್ರಾಯದ ನಮೂನೆಗಳೂ ಅಚ್ಚಾದವು. ನಾನು ಒಂದನ್ನು ಜೇಬಿಗೆ ಹಾಕಿಕೊಂಡು, ರಜೆ ಹಾಕಿ ಬೇಗೂರಿಗೆ ಹೋದೆ. ಆವತ್ತು ಅವಳು ಬರೆದದ್ದನ್ನೇ ಮತ್ತೆ ಬರೆಸಿ, ಈ ಸಲ ನಾನೇ ಕೈಯಾರೆ ಕಡತದ ಮೇಲಿಡಬೇಕು ಎಂಬ ಒಂದೇ ಆಸೆ.

ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ನಡೆದಿತ್ತು. ಮಕ್ಕಳ ತಟ್ಟೆಗೆ ಬಡಿಸಿ ಬಂದು, ಸೆರಗಿಗೆ ಕೈ ಒರೆಸಿಕೊಂಡು ನಮೂನೆ ತೆಗೆದುಕೊಂಡಳು. ಮೇಲ್ಗಡೆ ಗುರುತು ಹಾಕಲು ಚೌಕಗಳಿದ್ದವು: ವಿದ್ಯಾರ್ಥಿ, ಹಳೆಯ ವಿದ್ಯಾರ್ಥಿ, ಪೋಷಕರು, ಸಿಬ್ಬಂದಿ.

"ನಾನು ಇದ್ರಲ್ಲಿ ಯಾವ್ದೋ?" ಎಂದಳು.

ಹಳೆಯ ವಿದ್ಯಾರ್ಥಿ ಎನ್ನೋಣವೆಂದರೆ ಪಕ್ಕದಲ್ಲಿ ಪದವಿ ಪಡೆದ ವರ್ಷ ಬರೆಯಬೇಕಿತ್ತು. ಅದು ಬಿಡಕ್ಕಾ, ಕೆಳಗೆ ನಿನಗೆ ಅನ್ನಿಸಿದ್ದನ್ನು ಬರಿ, ಎಷ್ಟು ಬೇಕಾದರೂ ಬರಿ, ಒಂದಕ್ಷರವನ್ನೂ ನಾನು ಮುಟ್ಟುವುದಿಲ್ಲ ಎಂದೆ. ಅವಳು ಪೆನ್ನು ಹಿಡಿದುಕೊಂಡು ಆ ನಾಲ್ಕು ಗೆರೆಗಳನ್ನು ನೋಡಿದಳು. ಒಳಗೆ ಯಾವುದೋ ಮಗು ಅನ್ನ ಎಂದು ಕೂಗಿತು.

"ಆವಾಗ ಅನ್ಸಿತ್ತು ಕಣೋ, ಬರ್ದೆ. ಈಗ ಏನೂ ಅನ್ಸಕಿಲ್ಲ" ಎಂದು ಕೆಳಗಡೆ ಸಹಿ ಹಾಕಿ, ಖಾಲಿ ನಮೂನೆಯನ್ನು ನನ್ನ ಕೈಗೆ ಕೊಟ್ಟಳು. "ನಿಂಗೆ ಏನ್ ಬೇಕೋ ಅದ್ನೇ ಬರ್ಕೋ."