ಕ್ಯಾಂಪಿನ ಹುಡುಗಿಗೆ ಕೊಟ್ಟ ಮೀನು

ಸಿಂಧನೂರಿನ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ದಿನಾ ಮಸ್ಕಿಯಿಂದ ಬಸ್ಸಿನಲ್ಲಿ ಬರುತ್ತೇನೆ. ನಮ್ಮಲ್ಲಿ ಒಂದು ರೂಢಿಯಿದೆ. ದಸರೆಗೆ ಮುಂಚಿನ ಪರೀಕ್ಷೆಯಲ್ಲಿ ಕನ್ನಡಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದ ಒಂಬತ್ತನೇ ತರಗತಿಯ ಹುಡುಗಿ ರಾಜ್ಯೋತ್ಸವದ ದಿನ ಭುವನೇಶ್ವರಿಯಾಗಿ ಮೆರವಣಿಗೆಯ ಟ್ರ್ಯಾಕ್ಟರ್ ಏರುತ್ತಾಳೆ. ತಲೆಗೆ ಕಿರೀಟ, ಕೈಯಲ್ಲಿ ಬಾವುಟ.

ಹೋದ ವರ್ಷ ಆ ಅಂಕ ಬಂದದ್ದು ಆರ್.ಎಚ್. ಕ್ಯಾಂಪಿನ ಹುಡುಗಿಗೆ. ಅವಳ ಅಜ್ಜ ಪೂರ್ವ ಬಂಗಾಲದಿಂದ ನಿರಾಶ್ರಿತನಾಗಿ ಈ ಕ್ಯಾಂಪಿಗೆ ಬಂದವನು, ನಿಜ. ಅಪ್ಪ ಹುಟ್ಟಿದ್ದು ಇಲ್ಲೇ. ಇವಳು ಹುಟ್ಟಿದ್ದೂ ಸಿಂಧನೂರಿನ ಸರಕಾರಿ ದವಾಖಾನೆಯಲ್ಲೇ. ಮನೆಯಲ್ಲಿ ಬಂಗಾಲಿ ಮಾತಾಡಿದರೂ ಹೊರಗೆ ಬಾಯಿತುಂಬ ನಮ್ಮ ಸೀಮೆಯ ಕನ್ನಡ. "ಈ ಸಲ ನೀನೇ ಭುವನೇಶ್ವರಿ" ಎಂದು ನಾನೇ ಅವಳಿಗೆ ಮಾತು ಕೊಟ್ಟೆ. ಅವಳ ತಾಯಿ ಕೆಂಪು ರವಿಕೆ ಹೊಲಿಸಿದಳು.

ಹೆಡ್ ಮಾಸ್ತರರು ನನ್ನನ್ನು ಕರೆಸಿದರು.

"ಕ್ಯಾಂಪಿನಾಕಿನ್ನ ಕೂಡ್ರಿಸಿದ್ರ ಮಂದಿ ಏನಂತಾರ್ರೀ ಟೀಚರ್? ಮುಖ ನೋಡಿದ್ರನ ಬಂಗಾಲಿ ಅಂತ ಗೊತ್ತಾಗ್ತದ. ಭಾರತದ ರಾಜ್ಯಗಳು ಅಂತ ಒಂದು ಸಾಲು ಐತಲ್ಲ, ಅದ್ರಾಗ ಬಂಗಾಲ ಮಾಡ್ರಿ. ಕೈಯಾಗ ಒಂದು ರಟ್ಟಿನ ಮೀನ ಕೊಡ್ರಿ, ಚಂದ ಕಾಣ್ತದ."

ಹೇಳಿ, ದೊಡ್ಡ ಉಪಕಾರ ಮಾಡಿದವರಂತೆ ಚಹಾ ಹೀರಿದರು. ನನಗೆ ಮೈಯೆಲ್ಲ ಉರಿಯಿತು. ಮಸ್ಕಿಯಲ್ಲಿ ನಾನು ಓದುವಾಗ ಶಾರದಾ ಪೂಜೆಯ ದಿನ ನನ್ನ ಕೈಗೆ ಬರುತ್ತಿದ್ದದ್ದು ಕಸಬರಿಗೆ. ನಮ್ಮ ಕೇರಿಯ ಹುಡುಗಿಯರು ಬಲು ಚೆಂದ ಗುಡಿಸುತ್ತಾರೆ ಎಂದು ಮಾಸ್ತರರು ಹೊಗಳುತ್ತಲೇ ಕೊಡುತ್ತಿದ್ದರು. ಇಷ್ಟೆಲ್ಲ ಉಂಡವಳು ನಾನು. ಆದರೂ "ಆಯ್ತು ಸರ್" ಎಂದು ಹೊರಬಂದೆ. ಆ ಎರಡು ಶಬ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಮೀನು ಕೊಟ್ಟಾಗ ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಮ್ಮನ್ಯಾಗ ಮೀನ ತಿಂತೀವ್ರೀ ಟೀಚರ್. ಹಿಡ್ಕೊಂಡು ಊರತುಂಬ ಅಡ್ಡಾಡಂಗಿಲ್ಲ."

ಆದರೂ ಹಿಡಿದು ನಡೆದಳು, ನಾನು ಹೇಳಿದ್ದಕ್ಕೆ. ಟ್ರ್ಯಾಕ್ಟರ್ ಮೇಲೆ ಅವಳಿಗಿಂತ ಹನ್ನೊಂದು ಅಂಕ ಕಡಿಮೆ ತೆಗೆದ ಭುವನೇಶ್ವರಿ ಕೂತಿದ್ದಳು. ದಾರಿಬದಿಯ ಹುಡುಗರು "ಏ ಮೀನಾ" ಎಂದು ಕೂಗಿದರು. ಆಮೇಲೆ ತರಗತಿಯಲ್ಲೂ ಅದೇ ಹೆಸರಾಯಿತು.

ಡಿಸೆಂಬರಿನ ಕಿರುಪರೀಕ್ಷೆಯಲ್ಲಿ ಅವಳು ಕನ್ನಡದ ಉತ್ತರಪತ್ರಿಕೆಯನ್ನು ಖಾಲಿ ಕೊಟ್ಟಳು. ಸ್ಟಾಫ್ ರೂಮಿಗೆ ಕರೆಸಿ ಯಾಕೆಂದು ಕೇಳಿದೆ.

"ನನ್ನ ಬಂಗಾಲ ಮಾಡೀರಲ್ರೀ ಟೀಚರ್. ಬಂಗಾಲಕ್ಕ ಕನ್ನಡ ಹೆಂಗ ಬರ್ತದ?"

ಅಲ್ಲೇ ಕೂತಿದ್ದ ಹೆಡ್ ಮಾಸ್ತರರು ಆ ಹಾಳೆ ಎತ್ತಿಕೊಂಡು, ಅವಳ ಎದುರಿಗೇ ಎಲ್ಲರಿಗೂ ತೋರಿಸಿದರು.

"ನಾ ಹೇಳಿದ್ದಿಲ್ಲೇನ್ರಿ? ಎಷ್ಟ ಕಲಿಸಿದ್ರೂ ಈ ಮಂದಿಗೆ ಕನ್ನಡ ಹತ್ತಂಗಿಲ್ಲ."

ನಾನು ಹಾಳೆ ಕಿತ್ತುಕೊಂಡೆ. "ಹೋದ ಪರೀಕ್ಷೆದಾಗ ಕನ್ನಡಕ್ಕ ಇಡೀ ಕ್ಲಾಸಿಗೇ ಮೊದಲು ಬಂದಾಕಿ ಈಕಿ, ಸರ್. ಭುವನೇಶ್ವರಿ ಆಗೋದು ಈಕಿ ಹಕ್ಕಿತ್ತು. ನೀವು ಕಸಗೊಂಡ್ರಿ." ನನ್ನ ದನಿ ವರಾಂಡದ ತನಕ ಕೇಳಿರಬೇಕು. ಉಳಿದ ಶಿಕ್ಷಕರು ತಲೆ ತಗ್ಗಿಸಿ ಪತ್ರಿಕೆ ತಿದ್ದತೊಡಗಿದರು.

ಹುಡುಗಿ ಅವರ್ಯಾರನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಅವತ್ತ ಯಾಕ ಹೇಳಲಿಲ್ರೀ ಟೀಚರ್?" ಎಂದಳು.