ಮಾವಶಿಯ ಖಾಲಿ ಜಾಗ

ಮಾವಶಿಯ ಎರಡೂ ಮೀನಖಂಡಗಳ ಮೇಲೆ ಸೈಲೆನ್ಸರ್ ಸುಟ್ಟ ಕಲೆಗಳಿದ್ದವು. ಕೆಲವು ಹಳೆಯವು, ಬೆಳ್ಳಗಾಗಿ ಹೊಳೆಯುತ್ತಿದ್ದವು. ಕೆಲವು ಇನ್ನೂ ಕೆಂಪಗಿದ್ದವು. ಇಳಕಲ್ ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟು, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ಸೊಂಟದಿಂದ ಸೀಟಿಗೊಂದು ಗುಮ್ಮು ಕೊಟ್ಟರೆ ಸಾಕು, ಎಂಥ ಭಾರದ ಬೈಕೂ ತೆಪ್ಪಗೆ ಸಾಲಿಗೆ ಬಂದು ನಿಲ್ಲುತ್ತಿತ್ತು. ಗಾಯಕ್ಕೆ ಏನಾದರೂ ಹಚ್ಚಿಕೊಳ್ಳಬಾರದೇ ಎಂದರೆ, “ಬಿಡ್ರಿ, ಗಾಡಿಗೂ ಒಮ್ಮೊಮ್ಮೆ ಸಿಟ್ಟು ಬರ್ತೈತಿ” ಎನ್ನುತ್ತಿದ್ದಳು.

ಹುಬ್ಬಳ್ಳಿ ಸ್ಟೇಶನ್ನಿನ ಹೊರಗೆ, ಕಂಪೌಂಡ್ ಗೋಡೆಗುಂಟ ಬೈಕು, ಸ್ಕೂಟರು ನಿಲ್ಲಿಸುವ ರಸ್ತೆಬದಿ ಅವಳ ರಾಜ್ಯ. ಗುತ್ತಿಗೆ ಹಿಡಿದವನು ಬೇರೆ ಯಾರೋ. ಅವನ ಮುಖ ನಾವು ನೋಡಿದ್ದೇ ಕಡಿಮೆ. ನಾನು ಗೋಕುಲ ರಸ್ತೆಯಿಂದ ಸ್ಕೂಟರಿನಲ್ಲಿ ಬಂದು, ಅಲ್ಲಿ ನಿಲ್ಲಿಸಿ, ಬೆಳಗಿನ ರೈಲಿಗೆ ಗದಗಿನ ಕಚೇರಿಗೆ ಹೋಗುವವಳು. ಹಾಗೆ ಹೋಗಿಬರುವ ನಮ್ಮದೊಂದು ದಂಡೇ ಇತ್ತು. ನಾವೆಲ್ಲ ಅವಳನ್ನು ಚಿಕ್ಕಮ್ಮನನ್ನು ಕರೆದಂತೆ ಮಾವಶಿ ಎನ್ನುತ್ತಿದ್ದೆವು. ಅವಳು ಮಾತ್ರ ನಮ್ಮ ಹೆಸರು ಕೇಳಿದವಳಲ್ಲ. ನಾನು ಕೆಂಪು ಗಾಡಿ, ಬ್ಯಾಂಕಿನ ರಾಯರು ಒಡಕು ಕನ್ನಡಿ, ಕಾಲೇಜಿನ ಮೇಷ್ಟ್ರು ಗಡಗಡ. “ಲಗೂ ಬರ್ರಿ ಕೆಂಪ್ ಗಾಡಿ, ರೈಲ್ ನಿಮ್ಮ ಮಾವನ ಮನೀದಲ್ಲ” ಎಂದು ರಸ್ತೆಯ ಆ ತುದಿಯಿಂದಲೇ ಕೂಗುತ್ತಿದ್ದಳು. ಗುತ್ತಿಗೆದಾರ ಊದಲು ಸೀಟಿ ಕೊಟ್ಟಿದ್ದನಂತೆ; ತನ್ನ ಗಂಟಲಿದ್ದಾಗ ಅದ್ಯಾಕೆ ಎಂದು ವಾಪಸು ಕೊಟ್ಟಿದ್ದಳಂತೆ.

ಅವಳ ಕಾಯಿದೆ ಒಂದೇ: ಹ್ಯಾಂಡಲ್ ಲಾಕ್ ಮಾಡಕೂಡದು. ಬೆಳಗ್ಗೆ ಬಂದವರ ಗಾಡಿಗಳನ್ನು ಹಿಂದೆ ತಳ್ಳಿ, ಮಧ್ಯಾಹ್ನ ಹೊರಡುವವರದನ್ನು ಮುಂದೆ ತಂದು, ಸಂಜೆ ಗದಗಿನ ರೈಲು ಬರುವ ಹೊತ್ತಿಗೆ ನಮ್ಮವನ್ನೆಲ್ಲ ರಸ್ತೆಗೆ ಮುಖ ಮಾಡಿ ನಿಲ್ಲಿಸಿರುತ್ತಿದ್ದಳು. ಒಂದು ಗಾಡಿ ಲಾಕ್ ಆಗಿದ್ದರೂ ಇಡೀ ಸಾಲು ಕೆಡುತ್ತಿತ್ತು. ಹೊಸಬರಿಗೆ ಇದು ಹಿಡಿಸುತ್ತಿರಲಿಲ್ಲ. ನಾನೂ ಮೊದಲ ದಿನ ಜಗಳ ತೆಗೆದಿದ್ದೆ, “ಕಳವಾದ್ರ ಯಾರು ಕೊಡ್ತೀರಿ?” ಎಂದು. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ನಂಬಿಕಿ ಇಲ್ಲಂದ್ರ ಗಾಡಿ ತಲಿ ಮ್ಯಾಲ ಹೊತ್ಕೊಂಡು ರೈಲ್ ಹತ್ರಿ” ಅಂದಳು. ನಾನು ಲಾಕ್ ತೆಗೆದು ರೈಲು ಹತ್ತಿದೆ. ಅವತ್ತಿನಿಂದ ಇವತ್ತಿನವರೆಗೆ ನನಗೆ ಸರಿಸಾಟಿಯಾಗಿ ಜಗಳವಾಡಿದವರು ಅವಳೊಬ್ಬಳೇ.

ಆ ಸಾಲಿನ ನಡುವೆ, ಕಂಪೌಂಡಿನ ಸಣ್ಣ ಗೇಟಿನ ಎದುರಿಗೆ, ಒಂದು ಆಟೋ ಒಳಬಂದು ತಿರುಗಿಕೊಳ್ಳುವಷ್ಟು ಜಾಗವನ್ನು ಮಾವಶಿ ಸದಾ ಖಾಲಿ ಬಿಟ್ಟಿರುತ್ತಿದ್ದಳು. ಗದಗ, ಕೊಪ್ಪಳದ ಕಡೆಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಬರುವ ರೋಗಿಗಳನ್ನು ಅವರ ಮನೆಯವರು ಆ ಗೇಟಿನಿಂದಲೇ ಕರೆತರುತ್ತಿದ್ದರು. ಕೆಲವರು ನಡೆದುಕೊಂಡು, ಕೆಲವರು ಮಗನ ಬೆನ್ನಿನ ಮೇಲೆ. ಆಟೋ ಗೇಟಿಗೇ ತಾಗಿ ನಿಂತರೆ ಅವರು ಹೊರಬಂದಲ್ಲೇ ಹತ್ತಬಹುದಿತ್ತು. ಮೇಲಾಗಿ ಅದು ಬೇವಿನ ಮರದ ನೆರಳು ಬೀಳುವ ಜಾಗ; ಎಲ್ಲರ ಕಣ್ಣೂ ಅದರ ಮೇಲೆಯೇ. ಅಲ್ಲಿ ಅವಳು ಕಲ್ಲಿಟ್ಟಿರಲಿಲ್ಲ, ಸರಪಳಿ ಕಟ್ಟಿರಲಿಲ್ಲ. ತನ್ನ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂಡುತ್ತಿದ್ದಳು, ಆಟೋ ಬಂದರೆ ಸ್ಟೂಲ್ ಎತ್ತಿಕೊಂಡು ಏಳುತ್ತಿದ್ದಳು.

ಇದರ ಹಿಂದೆ ಯಾವುದೋ ದುಃಖದ ಕಥೆ ಇರಬೇಕೆಂದು ನಾನು ಊಹಿಸಿಕೊಂಡಿದ್ದೆ. ಒಂದು ದಿನ ರೈಲು ತಡವಾದಾಗ ಪಕ್ಕದ ಅಂಗಡಿಯ ಟೀ ಹಿಡಿದು ಮೆಲ್ಲಗೆ ಕೇಳಿದೆ, “ಮಾವಶಿ, ನಿಮ್ಮ ಪೈಕಿ ಯಾರರ ಇಲ್ಲೆ, ಆಟೋ ಸಿಗದ...?”

ಅವಳಿಗೆ ಸಿಟ್ಟೇ ಬಂತು. “ಎಲ್ಲಾದಕ್ಕೂ ಯಾರರ ಸಾಯಬೇಕೇನ್ರಿ? ಯಾರೂ ಸಾಯದನ ಜಾಗ ಬಿಡಾಕ ಬರಂಗಿಲ್ಲೇನು?”

ನಾನು ಟೀ ಮುಗಿಸಿ ರೈಲಿಗೆ ಹೋದೆ. ಆ ಮಾತು ಮಾತ್ರ ತಲೆಯಲ್ಲೇ ಕೂತುಬಿಟ್ಟಿತು.

ಆಮೇಲೆ ಆ ಬಿಳಿ ಕಾರು ಬಂತು. ಎದುರಿನ ಹೋಟೆಲಿನಲ್ಲಿ ದಿನಾ ಬೆಳಗ್ಗೆ ತನ್ನ ಪಟಾಲಮ್ಮಿನ ಜೊತೆ ನಾಷ್ಟಾ ಮಾಡಲು ಶುರು ಮಾಡಿದ್ದ ಒಬ್ಬ ಪುಢಾರಿಯದು. ಡ್ರೈವರ್ ಕಾರನ್ನು ನೇರ ತಂದು ಖಾಲಿ ಜಾಗದಲ್ಲಿ ನಿಲ್ಲಿಸಿದ. ಮಾವಶಿ ಕೂಗಾಡಿದಳು. ಪುಢಾರಿ ಗಾಜು ಇಳಿಸಿ, “ರಸ್ತಾ ನಿಮ್ಮಪ್ಪಂದೇನು? ಇಲ್ಲೆ ಯಾರು ಬೇಕಾದ್ರೂ ಹಚ್ಚಬಹುದು” ಎಂದ. ಮರುದಿನವೂ ಅದೇ. ಗುತ್ತಿಗೆದಾರ ಫೋನು ಮಾಡಿ, ದೊಡ್ಡವರ ಸುದ್ದಿಗೆ ಹೋಗಬೇಡ ಅಂದನಂತೆ.

ಅದರ ಮಾರನೆಯ ಬೆಳಗ್ಗೆ ನಾನು ಗಾಡಿ ನಿಲ್ಲಿಸುತ್ತಿದ್ದಾಗ, ಕಾಲಿಗೆ ಪಟ್ಟಿ ಸುತ್ತಿದ ಒಬ್ಬ ಮುದುಕಿಯನ್ನು ಮಗ ಹೊತ್ತುಕೊಂಡು ಗೇಟಿನಿಂದ ಬಂದ. ಕಾರು ಅಡ್ಡ. ಆಟೋ ರಸ್ತೆಯ ಆಚೆ. ಅವನು ಬೈಕುಗಳ ಸಂದಿಯಲ್ಲಿ ನುಸುಳುವಾಗ ಮುದುಕಿಯ ಪಟ್ಟಿ ಕಟ್ಟಿದ ಕಾಲು ಯಾವುದೋ ಹ್ಯಾಂಡಲಿಗೆ ಬಡಿಯಿತು. ಮುದುಕಿ ಕೂಗಿದ ದನಿಗೆ ಹೋಟೆಲಿನಲ್ಲಿದ್ದವರೂ ತಿರುಗಿ ನೋಡಿದರು. ಪುಢಾರಿ ದೋಸೆ ಮುರಿಯುತ್ತಲೇ ಇದ್ದ. ಮಾವಶಿ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಅವಳು ಬಂದವರನ್ನೆಲ್ಲ ಕಾರಿನ ಕಡೆಗೇ ಕಳಿಸಿದಳು. ಕಾರಿನ ಮುಂದೆ, ಹಿಂದೆ, ಎರಡೂ ಬಗಲಿಗೆ, ಒಂದಕ್ಕೊಂದು ತಾಗಿಸಿ. ಬೇವಿನ ಮರದಾಚೆಯ ಒಂದು ಸಾಲನ್ನು ಪೂರ್ತಿ ಖಾಲಿ ಮಾಡಿಸಿ ಅವತ್ತಿನ ಆಟೋಗಳಿಗೆ ದಾರಿ ಬಿಟ್ಟಿದ್ದಳು. ಆಮೇಲೆ ಪ್ರತಿಯೊಬ್ಬರ ಕಿವಿಯ ಹತ್ತಿರ ಬಂದು ಅಂದಳು, “ಇವತ್ತ ಹ್ಯಾಂಡಲ್ ಲಾಕ್ ಮಾಡ್ರಿ.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಂತರ ಟಕ್, ಟಕ್, ಟಕ್ ಎಂದು ಸಾಲಿನುದ್ದಕ್ಕೂ ಸದ್ದಾಯಿತು. ಜನ್ಮದಲ್ಲಿ ಯಾರ ಎದುರೂ ದನಿ ಎತ್ತದ ಬ್ಯಾಂಕಿನ ರಾಯರು ಲಾಕ್ ಮಾಡಿ, ಮತ್ತೊಮ್ಮೆ ಹ್ಯಾಂಡಲ್ ಅಲ್ಲಾಡಿಸಿ ನೋಡಿದರು. ಕೀಲಿಕೈಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ನಾವು ಗದಗಿಗೆ ಹೋದೆವು. ಅವತ್ತು ಬೋಗಿಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಮುಂದಿನದನ್ನು ಟೀ ಅಂಗಡಿಯವನು ವರ್ಷಗಟ್ಟಲೆ ಹೇಳಿದ್ದಾನೆ. ನಾಷ್ಟಾ ಮುಗಿಸಿ ಬಂದ ಪುಢಾರಿ ಕುಣಿದಾಡಿದನಂತೆ. ಡ್ರೈವರ್ ಮತ್ತು ಪಟಾಲಮ್ಮು ಒಂದೆರಡು ಗಾಡಿ ಎತ್ತಿ ಸರಿಸಿ ಬೆವೆತುಹೋದರಂತೆ. ಎತ್ತಿದ್ದನ್ನು ಇಡಲಾದರೂ ಜಾಗ ಎಲ್ಲಿತ್ತು? ಕೊನೆಗೆ ಪೊಲೀಸ್ ಸಾಹೇಬರು ಬಂದರು.

“ಯಾರ ಗಾಡಿ ಇವು?”

“ಮಾಲಕರು ಗದಗಕ್ಕ ಹೋಗ್ಯಾರ್ರಿ. ಸಂಜಿ ರೈಲಿಗೆ ಬರ್ತಾರ.”

“ನೀ ಯಾಕ ಇಲ್ಲೆ ಹಚ್ಚಾಕ ಬಿಟ್ಟಿ?”

“ನಾ ಯಾಕ ತಡೀಲಿ ಸಾಹೇಬ್ರ? ಇಲ್ಲೆ ಯಾರು ಬೇಕಾದ್ರೂ ಹಚ್ಚಬಹುದು ಅಂತ ಇವ್ರ ಹೇಳ್ಯಾರ. ದೊಡ್ಡವರ ಮಾತು ನಾ ಹೆಂಗ ಮೀರ್ಲಿ?”

ಸಾಹೇಬರು ಮೀಸೆಯಡಿ ನಕ್ಕರಂತೆ. ಪುಢಾರಿ ಆಟೋ ಹಿಡಿದು ಮನೆಗೆ ಹೋದ. ಅವತ್ತು ಸಂಜೆಯ ರೈಲು ಎಂದಿಗಿಂತ ತಡವಾಗಿ ಬಂತು. ರೈಲು ತಡವಾದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ.

ಇದಕ್ಕೆ ಬೆಲೆ ತೆರಬೇಕಾಯಿತು. ಗುತ್ತಿಗೆದಾರ ಅವಳನ್ನು ಕೆಲಸದಿಂದ ತೆಗೆದ. ಖಾಕಿ ಅಂಗಿಯನ್ನೂ ಕಸಿದುಕೊಂಡ. ಮರುದಿನ ನಾವು ಹೋದಾಗ ಹೊಸಬನೊಬ್ಬ ಚೀಟಿ ಹಿಡಿದು ನಿಂತಿದ್ದ. ಮಾವಶಿ ಬರೀ ಸೀರೆಯಲ್ಲಿ ಅದೇ ಜಾಗದಲ್ಲಿ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ನಾವು ಯಾರೂ ಹೊಸಬನ ಕಡೆ ನೋಡಲಿಲ್ಲ. ಗಾಡಿಯ ಮೇಲೆ ಕೂತೇ ಅವಳನ್ನು ಕೇಳಿದೆವು, “ಮಾವಶಿ, ಎಲ್ಲಿ ಹಚ್ಚೂಣು?” ಹಿಂದೆ ಗಾಡಿಗಳ ಸಾಲು ಬೆಳೆದು ರಸ್ತೆ ಕಟ್ಟಿತು, ಹಾರ್ನುಗಳು ಮೊಳಗಿದವು. ಮಾವಶಿ ಎದ್ದಳು, ಸೀರೆ ಎತ್ತಿ ಕಟ್ಟಿದಳು. ಕೆಲವು ದಿನ ಹೀಗೇ ನಡೆದ ಮೇಲೆ ಗುತ್ತಿಗೆದಾರ ತಾನೇ ಬಂದು ಅಂಗಿ ವಾಪಸು ಕೊಟ್ಟ. ಅವಳು ತೊಡಲಿಲ್ಲ. “ಅಂಗಿ ಇಲ್ಲದನೂ ಗಾಡಿ ಸರೀತಾವು, ನೋಡಿದ್ರಲ್ಲ” ಅಂದಳು. ಆ ಅಂಗಿಯಿಂದ ಮುಂದೆ ಸೀಟುಗಳ ಧೂಳು ಒರೆಸುತ್ತಿದ್ದಳು. ಬಿಳಿ ಕಾರು ಮತ್ತೆ ಆ ಜಾಗಕ್ಕೆ ಬರಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಮಾವಶಿ ಇರಲಿಲ್ಲ. ನಾವೆಲ್ಲ ಗಾಡಿ ಹಿಡಿದುಕೊಂಡು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ನಿಂತೆವು. ಜ್ವರ ಬಂದಿತ್ತು, ನಸುಕಿನಲ್ಲಿ ಹೋಗಿಬಿಟ್ಟಳು ಎಂದು ಟೀ ಅಂಗಡಿಯವನು ಹೇಳಿದ. ಅವತ್ತು ರೈಲು ನಮ್ಮನ್ನು ಬಿಟ್ಟು ಹೋಯಿತು. ಅವಳ ಮನೆಗೆ ಹೋದೆವು. ಸೀರೆಯಂಚಿನಲ್ಲಿ ಕಾಣುತ್ತಿದ್ದ ಆ ಸುಟ್ಟ ಕಲೆಗಳನ್ನು ನೋಡಿದ್ದೇ ನನಗೆ ಅಳು ತಡೆಯಲಾಗಲಿಲ್ಲ. ನನ್ನನ್ನು ಅಷ್ಟು ಬೈದವರು ಬೇರೆ ಯಾರಿದ್ದರು?

ಈಗ ಗುತ್ತಿಗೆ ಬದಲಾಗಿದೆ. ರಸ್ತೆಗೆ ಬಿಳಿ ಗೆರೆ ಎಳೆದಿದ್ದಾರೆ, ಖಾಲಿ ಜಾಗದ ಮೇಲೂ ಎಳೆದಿದ್ದಾರೆ. ಮೊದಲ ದಿನ, ಹೊಸ ಜಾಕೀಟು ತೊಟ್ಟು ಕೈಯಲ್ಲಿ ಚೀಟಿ ಕೊಡುವ ಯಂತ್ರ ಹಿಡಿದವನು ನನಗೆ ಅದನ್ನೇ ತೋರಿಸಿದ. “ಮೇಡಂ, ಇಲ್ಲೆ ಹಚ್ರಿ. ಖಾಲಿ ಐತಿ.”

“ಅಲ್ಲೆ ಹಚ್ಚಂಗಿಲ್ರಿ. ಆಟೋ ಬರ್ತಾವು, ಪೇಶೆಂಟ್ ಹತ್ತಬೇಕು.”

ಅವನು ಯಂತ್ರ ನೋಡಿದ, ಗೆರೆ ನೋಡಿದ, ನನ್ನ ಹಿಂದೆ ಗಾಡಿ ಹಿಡಿದು ನಿಂತವರನ್ನು ನೋಡಿದ. ಸ್ವಲ್ಪ ದನಿ ತಗ್ಗಿಸಿ ಕೇಳಿದ, “ಯಾಕ್ರಿ, ಇಲ್ಲೆ ಯಾರರ ಸತ್ತಾರೇನು?”

“ಎಲ್ಲಾದಕ್ಕೂ ಯಾರರ ಸಾಯಬೇಕೇನೋ ತಮ್ಮಾ?” ಅಂದೆ. ದನಿ ನನ್ನದೇ, ಆದರೆ ರಸ್ತೆಯ ಆ ತುದಿಯವರೆಗೆ ಕೇಳಿಸಿತು.

ಆ ಜಾಗ ಇವತ್ತೂ ಖಾಲಿ ಇದೆ. ಗೆರೆಯ ಮೇಲೆ ಆಟೋಗಳು ತಿರುಗಿ ತಿರುಗಿ ಬಣ್ಣ ಸವೆಯುತ್ತ ಬಂದಿದೆ. ಗದಗಿನ ರೈಲಿನವರು ನಾವು ಇಂದಿಗೂ ಹ್ಯಾಂಡಲ್ ಲಾಕ್ ಮಾಡುವುದಿಲ್ಲ. ಮಾಡಲು ಬರುವುದಿಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು.